ಸರದಿ ಡಾಟ್ ಪೈ

ಫೈಲು ತೆರೆದಾಗ ಎಲ್ಲ ಅಕ್ಷರಗಳೂ ಬೆಳ್ಳಗಿದ್ದವು. ಕಪ್ಪು ತೆರೆಯ ಮೇಲೆ ಕೋಡಿಗೆ ಇರಬೇಕಾದ ನೀಲಿ ಇಲ್ಲ, ಕಿತ್ತಳೆ ಇಲ್ಲ, ಹಸಿರೂ ಇಲ್ಲ. ಆಮ್ರಪಾಲಿ ಮೌಸ್ ಬಿಟ್ಟು ಗುರುಪಾದನ ಮುಖ ನೋಡಿದಳು.

ಗೋಕಾಕದ ಕಾಲೇಜಿನ ಲ್ಯಾಬು. ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಗಿನ ಪರೀಕ್ಷಕರು ಪ್ರಾಜೆಕ್ಟ್ ನೋಡಲು ಬರುವವರಿದ್ದರು. ಸಕ್ಕರೆ ಕಾರ್ಖಾನೆಯ ಮುಂದೆ ನಿಲ್ಲುವ ಕಬ್ಬಿನ ಟ್ರ್ಯಾಕ್ಟರುಗಳ ಸರದಿ ಹಚ್ಚುವ ಪ್ರೋಗ್ರಾಂ ಅದು. ಬರೆದವಳು ಆಮ್ರಪಾಲಿ. ಜೋಡಿಯಾಗಿ ಸಿಕ್ಕಿದ್ದ ಗುರುಪಾದ ವರದಿ ಟೈಪ್ ಮಾಡಿಸಿ ಬೈಂಡ್ ಹಾಕಿಸಿದ್ದ. ಲ್ಯಾಬಿನಲ್ಲಿ ಪೆನ್‌ಡ್ರೈವ್ ನಡೆಯುವುದಿಲ್ಲ. ನಿನ್ನೆ ಅವಳು ಊರು ಹತ್ತರಗಿಯಲ್ಲಿದ್ದದ್ದರಿಂದ ಕೋಡನ್ನೆಲ್ಲ ಮೊಬೈಲಿನಲ್ಲಿ ಅವನಿಗೆ ಕಳಿಸಿ, ಇಲ್ಲಿ ಸೇವ್ ಮಾಡಲು ಹೇಳಿದ್ದಳು.

"ನಿನ್ನಿ ನೀ ಇದರಾಗ ಏನ ಮಾಡೀದಿ?"

"ಏನೂ ಮಾಡಿಲ್ಲ. ನೀ ಕಳಿಸಿದ್ದು ಹಂಗ ಅಂಟಿಸೇನಿ."

"ಹಂಗ ಅಂಟಿಸಿದ್ರ ಬಣ್ಣ ಯಾಕ ಹೋಕ್ಕಾವು?"

"ಅಕ್ಷರ ಅದಾವಲ್ಲ. ಓಕಳಿ ಆಡಾಕ ಬಂದಿಯೇನ ಇಲ್ಲಿ?"

ಪಕ್ಕದ ಸಿಸ್ಟಮ್ಮಿನ ದೀಪಾ ನಕ್ಕಳು. ಆಮ್ರಪಾಲಿ ನಗಲಿಲ್ಲ. ಯಾವುದೋ ಬೇರೆ ಕೋಡು ತಂದು ಹಾಕಿದ್ದಾನೆ ಎಂದೇ ಅವಳ ಅನುಮಾನ. ಗುರುಪಾದ ಕಲ್ಲೋಳಿಯವನು, ಮಾಸ್ತರರೆಲ್ಲ ಅವನ ಅಪ್ಪನ ಹೆಸರು ಹಿಡಿದು ಮಾತಾಡಿಸುತ್ತಾರೆ. ಅವಳ ಹೆಸರು ಕೇಳಿದವರು ಮಾತ್ರ, ಊರಾಗ ಮನಿ ಯಾವ ಕಡೆ ಎಂದು ಕೇಳುತ್ತಾರೆ.

ಥೀಮ್ ಬದಲಿಸಿ ನೋಡಿದಳು. ತೆರೆ ಬೆಳ್ಳಗಾಯಿತು, ಅಕ್ಷರಗಳೆಲ್ಲ ಒಟ್ಟಿಗೆ ಕಪ್ಪಾದವು. ಕೋಡು ಬರೆಯುವ ಎಡಿಟರ್ ಮುಚ್ಚಿ ತೆರೆದಳು. ಪ್ರೋಗ್ರಾಂ ಓಡಿಸುವ ಗುಂಡಿಯೂ ಕಾಣಲಿಲ್ಲ. ಕೆಳಗಿನ ಮೂಲೆಯಲ್ಲಿ 'ಪ್ಲೇನ್ ಟೆಕ್ಸ್ಟ್' ಎಂದಿತ್ತು. ಅಂದರೆ ಇದು ಪೈಥಾನ್ ಭಾಷೆಯ ಕೋಡು ಎಂದು ಎಡಿಟರಿಗೆ ಗೊತ್ತೇ ಆಗಿಲ್ಲ. ಆಗ ಫೈಲಿನ ಹೆಸರು ನೋಡಿದಳು: sardi.pai.

"ಇದೇನಿದು, ಪಿ ಎ ಐ?"

"ನೀನ ಹೇಳಿದೆಲ್ಲ ಫೋನಿನ್ಯಾಗ, ಸರದಿ ಡಾಟ್ ಪೈ ಅಂತ."

"ಪಿ ವಾಯ್ ಅದು. ಪೈಥಾನಿನ ಪೈ."

"ಹಂಗಂತ ಹೇಳಬೇಕಿಲ್ಲೇನ? ಹಿಂದ ಲಾರಿ ಹಾರ್ನ್ ಬ್ಯಾರೆ. ನಮ್ಮೂರ ಬ್ಯಾಂಕಿನ್ಯಾಗ ಒಬ್ರು ಪೈ ಮ್ಯಾನೇಜರ್ ಇದ್ರು, ಅವರ ಬೋರ್ಡಿನ ಮ್ಯಾಲ ಹಂಗ ಇತ್ತು."

ಈ ಸಲ ಆಮ್ರಪಾಲಿಗೂ ನಗು ಬಂತು. ಇಡೀ ತರಗತಿ ಅದನ್ನು ಪೈ ಎಂದೇ ಕರೆಯುತ್ತದೆ. ಹೆದ್ದಾರಿ ಬಾಜೂ ನಿಂತು ತಾನೂ ಹಾಗೇ ಹೇಳಿದ್ದು ನಿಜ.

"ತಪ್ಪ ತಿಳಕೊಂಡೆ, ಬಿಡು" ಎಂದಳು.

"ಇರ್ಲಿ ಇರ್ಲಿ. ಚಾ ಕುಡಿಸು" ಎಂದ ಗುರುಪಾದ.

ಹೆಸರು ತಿದ್ದಿದಳು. ಬಣ್ಣಗಳು ಒಮ್ಮೆಲೇ ಬಂದವು. ಆಜ್ಞೆಗಳು ನೀಲಿ, ಉದ್ಧರಣ ಚಿಹ್ನೆಯೊಳಗಿನ ಮಾತು ಕಿತ್ತಳೆ. ತನ್ನದೇ ಕೋಡು. ಸಮಾಧಾನದಿಂದ ಕೆಳಗೆ ಸರಿಸುತ್ತ ಹೋದಳು.

ಕೊನೆಯಲ್ಲಿ ಒಂದು ಸಾಲು ಹಸಿರಾಗಿತ್ತು.

ಸಾಲಿನ ಮೊದಲಿಗೆ ಹ್ಯಾಷ್ (#) ಗುರುತು ಇಟ್ಟರೆ ಕಂಪ್ಯೂಟರು ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಸಾಲು ಹಸಿರಾಗುತ್ತದೆ. ಬಣ್ಣವಿಲ್ಲದಾಗ ಆ ಸಣ್ಣ ಗುರುತು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಪ್ರೋಗ್ರಾಂ ಓಡಿದಾಗ ತಯಾರಿಸಿದವರ ಹೆಸರು ತೋರಿಸುವ ಜಾಗ ಅದು. 'ಆಮ್ರಪಾಲಿ' ಎಂಬ ಸಾಲು ಹಸಿರು. ಅದರ ಕೆಳಗೆ 'ಗುರುಪಾದ', ಕಿತ್ತಳೆ.

ಹ್ಯಾಷ್ ಇಡುವುದನ್ನು ಅವನಿಗೆ ಕಲಿಸಿದವಳು ಅವಳೇ.

"ಇದನ್ನೂ ಫೋನಿನ್ಯಾಗ ನಾನ ಹೇಳಿದ್ನೇನ?"

ಗುರುಪಾದ ತೆರೆಯ ಕಡೆ ಬಗ್ಗಿದ. "ಸರ್ ಅಂದ್ರು, ಒಂದ ಹೆಸರ ಸಾಕಂತ."

"ಯಾವ ಸರ್?"

ಅವನು ಬೈಂಡ್ ಹಾಕಿದ ವರದಿಯನ್ನು ಎದೆಗೆ ಒತ್ತಿ ಹಿಡಿದುಕೊಂಡ. ದೀಪಾ ಈಗ ನಗುತ್ತಿರಲಿಲ್ಲ.

ಆಮ್ರಪಾಲಿ ಹ್ಯಾಷ್ ಅಳಿಸಿದಳು. ಅವಳ ಹೆಸರೂ ಕಿತ್ತಳೆಯಾಯಿತು. ಸೇವ್ ಮಾಡಿ ಓಡಿಸಿದಳು. ಎರಡೂ ಹೆಸರು ಬಂದವು. ಬಾಗಿಲಲ್ಲಿ ಪರೀಕ್ಷಕರ ದನಿ ಕೇಳಿತು. ಅವಳು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು.

"ಎರಡನೇ ಹೆಸರಿನಂವ ಇದರಾಗ ಏನ ಮಾಡ್ಯಾನ ಅಂತ ಕೇಳ್ತಾರ," ಎಂದಳು. "ಅದನ್ನ ನೀನ ಹೇಳು."