ಒಂದೆಲಗದ ಕುಂಡ

ನನ್ನ ಒಂದೆಲಗದ ಕುಂಡಕ್ಕೆ ಕಳ್ಳರು ಬಿದ್ದಿದ್ದರು. ಮಗ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಾನೆ. ಆಮೇಲೆ ಮನೆಯಲ್ಲಿ ಉಳಿಯುವವರು ನಾನು, ಸೊಸೆ ಇಬ್ಬರೇ. ಕಳ್ಳಿ ಯಾರೆಂದು ಶಾಸ್ತ್ರ ಬೇರೆ ಕೇಳಬೇಕೆ?

ನಲವತ್ತು ವರ್ಷ ಜನರಿಗೆ ಮದ್ದು ಕೊಟ್ಟವಳು ನಾನು. ಮರೆವಿಗೆಂದು ಬಂದವರಿಗೆಲ್ಲ ಒಂದೆಲಗ ಅರೆದು ಕುಡಿಸಿದ್ದೇನೆ. ಈಗ ನನಗೇ ಮರೆವಂತೆ! ಹೋದ ತಿಂಗಳು ದರ್ಜಿಯ ಹೆಂಡತಿಗೆ ಭೇದಿಮದ್ದನ್ನು ಒಂದೇ ದಿನ ಎರಡು ಸಲ ಕೊಟ್ಟೆನಂತೆ, ಪಾಪ, ಅವಳು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಅಂದಿನಿಂದ ಸೊಸೆಯ ಕಣ್ಣು ನನ್ನ ಸೊಂಟದ ಮೇಲೆ. ಮದ್ದಿನ ಕಪಾಟಿನ ಬೀಗದಕೈ ಇರುವುದು ಅಲ್ಲಿಯೇ.

“ಅತ್ತೆ, ಕಪಾಟು ಇನ್ಮೇಲೆ ನಾನು ನೋಡ್ಕೊಳ್ಲಾ?”

“ನಾನಿನ್ನೂ ಸತ್ತಿಲ್ಲ ಕಣೆ.”

ದಿನಕ್ಕೆ ಏಳು ಎಲೆ, ಬರಿಹೊಟ್ಟೆಯಲ್ಲಿ. ನನಗೆ ನಾನೇ ಹೇಳಿಕೊಂಡ ಮದ್ದು ಅದು. ಆದರೆ ಕುಂಡದ ಬಳಿ ಹೋದರೆ ಬರೀ ತೊಟ್ಟುಗಳು ನಿಂತಿರುತ್ತಿದ್ದವು. ನನ್ನ ಮರೆವು ಹೆಚ್ಚಬೇಕು, ಬೀಗದಕೈ ಅವಳ ಪಾಲಾಗಬೇಕು. ನಗುನಗುತ್ತಲೇ ಕತ್ತು ಕೊಯ್ಯುವವಳು!

ಇಂದು ಸಾಕ್ಷಿ ಹಿಡಿದೇ ತೀರಬೇಕೆಂದು ಕನ್ನಡಕ ಏರಿಸಿ ಕುಂಡದ ಮುಂದೆ ಕೂತೆ. ಸೊಸೆ ಯಾವ ಸೊಪ್ಪನ್ನಾದರೂ ಕತ್ತರಿಯಲ್ಲೇ ಕತ್ತರಿಸುತ್ತಾಳೆ. ಮದ್ದಿನ ಸೊಪ್ಪಿಗೆ ನಾನು ಕಬ್ಬಿಣ ಮುಟ್ಟಿಸುವವಳಲ್ಲ, ಹೆಬ್ಬೆರಳ ಉಗುರಿನಲ್ಲೇ ಚಿವುಟುತ್ತೇನೆ. ಎಂದೋ ಕುಟ್ಟಾಣಿಯ ಪೆಟ್ಟು ಬಿದ್ದು ನಡುವೆ ಸೀಳಿದ ಉಗುರು ಅದು. ಚಿವುಟಿದಲ್ಲೆಲ್ಲ ಆ ಸೀಳಿನಷ್ಟು ಒಂದು ಎಳೆ ನಾರು ಉಳಿದುಬಿಡುತ್ತದೆ.

ತೊಟ್ಟುಗಳನ್ನು ಒಂದೊಂದಾಗಿ ನೋಡಿದೆ. ಪ್ರತಿಯೊಂದರ ತುದಿಯಲ್ಲೂ ನಾರು. ಹೆಬ್ಬೆರಳು ನೋಡಿಕೊಂಡೆ. ಉಗುರಿನ ಸೀಳಿನಲ್ಲಿ ಹಸಿರು ಇನ್ನೂ ಒದ್ದೆಯಾಗಿತ್ತು.

ಸೊಸೆ ಹಿಂದೆ ಬಂದು ನಿಂತಳು. ಕೈಯಲ್ಲಿ ಬೇರು ಸಮೇತ ಕಿತ್ತ ಒಂದೆಲಗ, ಕಾಲಿಗೆಲ್ಲ ಕೆಸರು.

“ಕುಂಡ ಬರಿದಾಗ್ತಿದೆ ಅಲ್ವಾ ಅತ್ತೆ, ಕಾಲುವೆ ಹತ್ರ ಸಿಕ್ತು. ನೆಡೋಣ ಅಂತ ತಂದೆ.”

“ಬೆಳಗ್ಗಿಂದ ಎಷ್ಟು ಸಲ ತಿಂದೆ ನಾನು?”

ಅವಳು ನೆಲ ನೋಡಿದಳು. “ಮೂರು ಸಲ.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳ್ದೆ ಅತ್ತೆ. ಮೂರು ಸಲಾನೂ ಹೇಳ್ದೆ.”

ನನಗೆ ಹೆದರಿಕೆಯಾಯಿತು. ದರ್ಜಿಯ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಸೊಂಟದಿಂದ ಬೀಗದಕೈ ಬಿಚ್ಚಿ ಸೊಸೆಯ ಕೆಸರುಗೈಯಲ್ಲಿ ಇಟ್ಟೆ.

“ನಾಳೆ ವಾಪಸ್ ಕೇಳ್ತೀನಿ. ಕಳ್ಳಿ ಅಂತ ಬೈತೀನಿ,” ಎಂದೆ. “ಏನೇ ಆದ್ರೂ ಕೊಡ್ಬೇಡ.”