ಪಟಾಕಿಗೆ ಓಡುವ ಕಾಲು

ನಾನು ಅಂಜುಬುರುಕಿ. ಪುಲ್ಪಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಎತ್ತರ ಜಿಗಿತ, ಖೊಖೊ, ಬಿಲ್ಲುಗಾರಿಕೆ, ಮೂರರಲ್ಲೂ ಬಹುಮಾನ ತಂದ ಹತ್ತನೇ ಕ್ಲಾಸಿನ ಸರಿತ ಹೆದರುತ್ತಾಳೆ ಅಂದರೆ ನಗುತ್ತಾರೆ. ನಗಲಿ, ಅವರ ಮನೆ ಪೇಟೆಯಲ್ಲಿದೆ.

ನಮ್ಮ ಹಾಡಿ ಇರುವುದು ಕಾಡಂಚಿನಲ್ಲಿ. ಅಪ್ಪನ ಹೆಸರು ಕೇಳು, ಅರಣ್ಯ ಇಲಾಖೆಯಲ್ಲಿ ವಾಚರ್. ಆನೆ ಇಳಿದರೆ ಅವನು ಪಟಾಕಿ ಸಿಡಿಸುತ್ತಾನೆ. ಸದ್ದು ಕೇಳಿದ್ದೇ ತಡ, ನಾವೆಲ್ಲ ಇದ್ದಲ್ಲೇ ಉಸಿರು ಹಿಡಿದು ನಿಂತುಬಿಡಬೇಕು. ಬೆದರಿದ ಆನೆ ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲ, ಓಡಿದವರ ಬೆನ್ನು ಹತ್ತುತ್ತದೆ. ನಮ್ಮಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವುದು ಇದನ್ನೇ.

ಉಪಜಿಲ್ಲಾ ಕ್ರೀಡಾಕೂಟದಲ್ಲಿ ನಾನೂರು ಮೀಟರ್ ಓಟಕ್ಕೆ ಪಿಸ್ತೂಲು ಸಿಡಿಯಿತು. ಉಳಿದ ಹುಡುಗಿಯರೆಲ್ಲ ಓಡಿದರು. ನಾನು ಗೆರೆಯ ಮೇಲೇ ಕುಕ್ಕರಗಾಲಲ್ಲಿ ಉಳಿದೆ. ಶಾಲೆಯಲ್ಲಿ ನಮಗೆ ಸೀಟಿಯ ಅಭ್ಯಾಸ. ಜನ ನಗತೊಡಗಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಆಟದ ಮೇಷ್ಟ್ರು ಅಚ್ಯುತನ್ ಮಾಷ್ ನಗಲಿಲ್ಲ. ಒಂದು ತಿಂಗಳಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಓಟವೂ ಸೇರಿ ನಾಲ್ಕು ಆಟದಲ್ಲೂ ಗೆದ್ದರೆ ನನಗೆ ಜಾಗ ಖಂಡಿತ ಎಂದರು. ದಿನಾ ಸಂಜೆ ಶಾಲೆಯ ಹಿಂದೆ ಪಟಾಕಿ ಹೊಡೆದು, "ಓಡಿಕ್ಕೋ ಮೋಳೇ!" ಎಂದು ತಮ್ಮ ಮಲಯಾಳದಲ್ಲಿ ಓಡಲು ಹೇಳಿ ಬೆನ್ನಿಗೆ ತಟ್ಟುತ್ತಿದ್ದರು. ಮೊದಲ ವಾರ ನಾನು ವಾಂತಿ ಮಾಡಿಕೊಂಡೆ. ಮೂರನೇ ವಾರಕ್ಕೆ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಕಾಲು ಹೊರಟಿರುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮಾಷ್ ಕೈ ಮುರಿಯುತ್ತಿದ್ದ.

ಆಯ್ಕೆಯಲ್ಲಿ ನಾನೇ ಮೊದಲು ಬಂದೆ. ಒಪ್ಪಿಗೆ ಕಾಗದಕ್ಕೆ ರುಜು ಹಾಕಲು ಮಾತ್ರ ಅವ್ವ ಒಪ್ಪಲಿಲ್ಲ.

"ಒಬ್ಬಳೇ ಮಗಳು. ನಿನ್ನ ಬುಟ್ಟು ನಾ ಎಂಗಿರ್ಲಿ? ಇಲ್ಲಿದ್ದೇ ಓದು."

ಮೂರು ದಿನ ಅತ್ತೆ, ಊಟ ಬಿಟ್ಟೆ. ಅವ್ವ ಜಗ್ಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರೂ ಹೊಳೆಯಿಂದ ನೀರು ಹೊತ್ತು ಬರುತ್ತಿದ್ದೆವು. ಬಿದಿರುಮೆಳೆಯ ಆಚೆ ಅಪ್ಪನ ಪಟಾಕಿ ಸಿಡಿಯಿತು. ಕೊಡ ಬಿತ್ತು. ನಿಲ್ಲು ಎಂದು ತಲೆ ಕಿರುಚುತ್ತಿತ್ತು, ಕಾಲು ಕೇಳಲಿಲ್ಲ. ಬಯಲಿನಲ್ಲಿ ನಾನು ಓಡುತ್ತಿದ್ದೆ. ಎಡಕ್ಕೆ ಬಿದಿರು ಲಟಲಟ ಮುರಿದು ಒಂಟಿ ಆನೆ ಹೊರಬಂತು, ನನ್ನತ್ತ ಕಿವಿ ಅಗಲಿಸಿತು. ಜೀವ ಬಾಯಿಗೆ ಬಂತು. ಆಗಲೂ ಕಾಲು ನಿಲ್ಲಲಿಲ್ಲ.

ಹಿಂದಿನಿಂದ ಯಾರೋ ನನ್ನ ಕಾಲೆರಡನ್ನೂ ಬಾಚಿ ಹಿಡಿದರು. ಅವ್ವ. ಇಬ್ಬರೂ ಚರಂಡಿಗೆ ಉರುಳಿದೆವು. ಅವಳು ನನ್ನ ಮೇಲೆ ಮಲಗಿ ಬಾಯಿ ಮುಚ್ಚಿ ಹಿಡಿದಳು. ಆನೆಯ ಉಸಿರು ಕೇಳುವಷ್ಟು ಹತ್ತಿರವಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ಅದು ಹೊಳೆಯ ಕಡೆ ಹೋಯಿತು. ನಮ್ಮ ಹಾಡಿಯಲ್ಲಿ ಪಟಾಕಿ ಸದ್ದಿಗೆ ಓಡಿದವರು ಇಬ್ಬರೇ, ನಾನು ಮತ್ತು ನನ್ನ ಹಿಂದೆ ಅವ್ವ.

"ಓಡಾದು ಯಾರು ಕಲ್ಸುದ್ರು ನಿಂಗೆ?"

"ಮಾಷ್."

ಅವ್ವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು, ಕೆಸರು ಕೈಯನ್ನು ಸೀರೆಗೆ ಒರೆಸಿ, ಕಾಗದ ಮುಂದಿಟ್ಟುಕೊಂಡಳು.

"ಎಲ್ಲಿ ಒಪ್ಪಿಡ್ಬೇಕು, ತೋರ್ಸು."

ಬೆರಳಿಟ್ಟು ತೋರಿಸಿದೆ. ನನಗೆ ಖುಷಿಯಾಗಬೇಕಿತ್ತು. ಆನೆ ಎದುರಿಗಿದ್ದಾಗಲೂ ಇಷ್ಟು ಹೆದರಿರಲಿಲ್ಲ.

"ರಜಕ್ಕೆ ಬತ್ತೀನಿ ಕಣವ್ವ," ಎಂದೆ.

ಅವ್ವ ನನ್ನ ಪಾದವನ್ನೇ ನೋಡುತ್ತಿದ್ದಳು.

"ಬರ್ಬ್ಯಾಡ, ಮಗ. ನಾವೇ ಬತ್ತೀವಿ."