ಕೆಂಪು ಗೋಧಿ

ಕೊನೆಯ ಮೂಟೆಯ ಗೋಧಿಗೆ ಬಣ್ಣದ ನೀರು ಚಿಮುಕಿಸಿ ಸೊಸೆ ಎರಡೂ ಕೈಯಿಂದ ಕಲೆಸುತ್ತಿದ್ದಳು. ಹೊರಗೆ ಜೀಪು ನಿಂತ ಸದ್ದಾಯಿತು.

"ಬಂದ್ರು," ಎಂದಳು ಅತ್ತೆ.

ಸೊಸೆ ಬಣ್ಣದ ನೀರಿನ ಪಾತ್ರೆಯನ್ನು ಮೂಟೆಗಳ ಹಿಂದಕ್ಕೆ ತಳ್ಳಿದಳು. ಊರಿನ ಬೀಜದ ಉಗ್ರಾಣಕ್ಕೆ ಈಗ ಅವಳೇ ಕಾವಲು, ಅವಳೇ ಯಜಮಾನಿ. ಬಿತ್ತನೆ ಬೀಜಕ್ಕೆ ಹುಳ ಹತ್ತದಂತೆ ವಿಷ ಸವರಿ, ಯಾರೂ ಬಾಯಿಗೆ ಹಾಕಿಕೊಳ್ಳದಿರಲೆಂದು ಕೆಂಪು ಬಣ್ಣ ಹಚ್ಚುವುದು ರೂಢಿ. ಯುದ್ಧ ಶುರುವಾಗಿ ದಾರಿಗಳೆಲ್ಲ ಮುಚ್ಚಿದ ಮೇಲೆ ವಿಷ ಸಿಗಲಿಲ್ಲ. ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತು. ಈ ಬಿತ್ತನೆ ಕಾಳು ಊರಲ್ಲಿ ಬೀಡುಬಿಟ್ಟ ಸೈನಿಕರ ಹೊಟ್ಟೆ ಸೇರಿದರೆ ಬರುವ ವರ್ಷ ಊರಿನಲ್ಲಿ ಒಂದು ಒಲೆಯೂ ಉರಿಯುವುದಿಲ್ಲ. ಇದು ಬರೀ ಬಣ್ಣ, ವಿಷವಲ್ಲ ಎಂಬ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಅದರಲ್ಲೊಬ್ಬಳು ಬಾಯಿಚಪಲಕ್ಕೆ ಹೆಸರಾದ ಅತ್ತೆ.

"ಅತ್ತೆ, ನೀವು ಮಾತ್ರ ಬಾಯಿ ಬಿಡ್ಬೇಡಿ," ಎಂದು ತಿರುಗಿದವಳು ಹಾಗೇ ನಿಂತುಬಿಟ್ಟಳು. ಅತ್ತೆಯ ಹಲ್ಲಿನ ಸಂದಿಯೆಲ್ಲ ಕೆಂಪು.

"ನಾಲ್ಕೇ ಕಾಳು ಕಣೆ. ಮೂರು ದಿನ ಆಯ್ತಲ್ಲ, ಈ ಹಾಳು ಹೊಟ್ಟೆ ಕೇಳ್ಬೇಕಲ್ಲ!"

ಬಾಗಿಲು ದಡಾರನೆ ತೆರೆಯಿತು. ಅಧಿಕಾರಿಯ ಕೈಯಲ್ಲಿ ಹಬೆಯಾಡುವ ಬಟ್ಟಲು. ಹಿಂದೆ ಇಬ್ಬರು ಸೈನಿಕರು, ಕೆನ್ನೆ ಗುಳಿಬಿದ್ದವರು.

"ನಿನ್ನೆ ಒಯ್ದ ಮೂಟೇದು. ಏಳು ನೀರಲ್ಲಿ ತೊಳ್ಸಿ, ಉಪ್ಪು ಹಾಕಿ ಬೇಯ್ಸಿದೀನಿ. ಇದ್ರಲ್ಲಿ ವಿಷ ಇದೆ ಅಂತ ನಂಗೇನೋ ನಂಬಿಕೆ ಇಲ್ಲ. ಹುಡುಗ್ರು ಮಾತ್ರ ಹೆದರ್ತಾರೆ. ನೀವು ಒಂದು ತುತ್ತು ತಿಂದು ತೋರ್ಸಿ."

"ತೊಳೆದ್ರೆ ಹೋಗಲ್ಲ ಸಾರ್, ಕಾಳಿನೊಳಗೇ ಇಳಿದಿರುತ್ತೆ," ಎಂದಳು ಸೊಸೆ. ಬೆಂದ ಗೋಧಿಯ ವಾಸನೆಗೆ ಅವಳ ಬಾಯಲ್ಲೇ ನೀರೂರುತ್ತಿತ್ತು. ಅದನ್ನು ನುಂಗಲೂ ಭಯ.

ಅಧಿಕಾರಿ ಅವಳನ್ನು ದಾಟಿಹೋಗಿ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಜ್ಜಿ, ಹಸಿವಾಗಿಲ್ವಾ?"

ಅತ್ತೆ ಚಳಿಯೆಂಬಂತೆ ಶಾಲನ್ನು ಮೂಗಿನವರೆಗೂ ಎಳೆದುಕೊಂಡಳು. "ಹಸಿವಿಗೇನು ಕೊರತೆ ಇಲ್ಲಪ್ಪ," ಎಂದಳು ಶಾಲಿನೊಳಗಿಂದಲೇ.

ಸೈನಿಕನೊಬ್ಬ ಕಿಸಕ್ಕೆಂದ. ಅಧಿಕಾರಿ ನಗಲಿಲ್ಲ.

"ತಿಂದ್ರೆ ದಿನಾ ಎರಡು ಹೊತ್ತು ನಮ್ಮ ಅಡುಗೆಮನೆಯಿಂದ ಊಟ ಬರುತ್ತೆ. ಇಬ್ಬರಿಗೂ."

ಚಮಚ ಶಾಲಿನ ಅಂಚಿಗೆ ಬಂತು. ಶಾಲಿನೊಳಗೆ ಅತ್ತೆ ಗುಟುಕ್ಕೆಂದು ಜೊಲ್ಲು ನುಂಗಿದ್ದು ಸೊಸೆಗೆ ಕೇಳಿಸಿತು. ಮುಗಿಯಿತು ಅಂದುಕೊಂಡಳು. ಅತ್ತೆಯ ಕೈ ಬಟ್ಟಲಿನ ಕಡೆ ಚಾಚಿತು, ಅಂಚು ಹಿಡಿಯಿತು, ಅಧಿಕಾರಿಯ ಎದೆಯತ್ತ ಹಿಂದಕ್ಕೆ ತಳ್ಳಿತು.

"ನಾನು ತಿನ್ನಲ್ಲ."